ಚೆಲ್ಲಿದರೆ ಯಾರ ತಕರಾರೂ ಇಲ್ಲ

ಹುಡುಗಿಯರು ನೀರಿನ ಬಾಟಲಿ ತರುತ್ತಿದ್ದರು, ಮುಚ್ಚಳ ಬಿಚ್ಚುತ್ತಿರಲಿಲ್ಲ. ಒಂಬತ್ತನೇ ತರಗತಿಗೆ ಮೂತ್ರಪಿಂಡದ ಪಾಠ ಮಾಡುವಾಗ ಇದು ನನ್ನ ಕಣ್ಣಿಗೆ ಬಿತ್ತು. ದಿನಕ್ಕೆ ಎಷ್ಟು ನೀರು ಕುಡಿಯಬೇಕು, ಯಾಕೆ ಕುಡಿಯಬೇಕು ಎಂದೆಲ್ಲ ಬೋರ್ಡಿನ ತುಂಬ ಬರೆದು, ತಿರುಗಿ ನೋಡಿದರೆ ಎಲ್ಲರ ಬೆಂಚಿನ ಮೇಲೂ ತುಂಬಿದ ಬಾಟಲಿ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಬೇರೆ. ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ಕೇಳಿದೆ, ನೀನು ಯಾಕೆ ಕುಡಿದಿಲ್ಲ?

"ಕುಡುದ್ರೆ ಓಗ್ಬೇಕಾಯ್ತದಲ್ಲ ಮಿಸ್," ಅಂದಳು.

ಯಾರೂ ನಗಲಿಲ್ಲ. ಹುಡುಗರು ಕಿಟಕಿಯ ಕಡೆ ನೋಡಿದರು, ಹುಡುಗಿಯರು ಪುಸ್ತಕ ನೋಡಿದರು. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ ಎಂದಲ್ಲ. ಬಿಳಿ ಟೈಲ್ಸ್ ಹಾಕಿದ, ಬಾಗಿಲಿಗೆ ಬಣ್ಣ ಬಳಿದ ಒಳ್ಳೆಯ ಶೌಚಾಲಯವೇ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ಟ್ಯಾಂಕಿಯಲ್ಲಿ ಅದಕ್ಕೆ ಬಿಡುವಷ್ಟು ನೀರು ಉಳಿಯುತ್ತಿರಲಿಲ್ಲ, ಹಾಗಾಗಿ ಬೀಗ. ಮುಖ್ಯ ಶಿಕ್ಷಕರ ಹುದ್ದೆ ಖಾಲಿ ಬಿದ್ದು, ಸೀನಿಯರ್ ಎಂಬ ತಪ್ಪಿಗೆ ಇನ್‌ಚಾರ್ಜ್ ನನ್ನ ತಲೆಗೆ ಬಂದಿತ್ತು. ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು. ಅಲ್ಲಿಗೆ ಮೂತ್ರಪಿಂಡದ ಪಾಠ ಮುಗಿಯಿತು.

ಆ ಹುಡುಗಿ ಕಾಲೊನಿಯವಳು. ಕಾಲೊನಿ ಎಂದರೆ ಯಾವ ಕಾಲೊನಿ, ಯಾರ ಕಾಲೊನಿ ಎಂದು ನಮ್ಮ ಸೀಮೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅಪ್ಪ ಇಲ್ಲ, ತಾಯಿ ಕೂಲಿಗೆ ಹೋಗುತ್ತಾರೆ. ಲೆಕ್ಕದಲ್ಲಿ, ವಿಜ್ಞಾನದಲ್ಲಿ ಚುರುಕು. ತಿಂಗಳಲ್ಲಿ ನಾಲ್ಕು ದಿನ ಮಾತ್ರ ಬರುತ್ತಿರಲಿಲ್ಲ. ಯಾಕೆ ಎಂದು ಇಷ್ಟು ದಿನ ನನಗೆ ಹೊಳೆಯದೇ ಇದ್ದುದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮುಂದಿನ ವರ್ಷ ಅವಳದ್ದು ಹತ್ತನೇ ತರಗತಿ. ಬೀಗ ತೆಗೆಯಲೇಬೇಕು ಎಂದು ತೀರ್ಮಾನ ಮಾಡಿದೆ.

ಕ್ಯಾಸಂಬಳ್ಳಿ ದಾಟಿ ಒಳಗೆ ಹೋದರೆ ನಮ್ಮ ಶಾಲೆ. ಊರಿನ ನೀರೆಲ್ಲ ಪಂಚಾಯಿತಿಯ ಒಂದು ಬೋರಿನಿಂದ. ಒಂದೊಂದು ದಿನ ಒಂದೊಂದು ಲೈನಿಗೆ ಸರದಿ. ಶಾಲೆಗೆ ದಿನ ಬಿಟ್ಟು ದಿನ. ನೀರು ಬಿಡುವವನನ್ನು ನಮ್ಮ ಕಡೆ ನೀರುಗಂಟಿ ಅನ್ನುತ್ತಾರೆ. ಅವನ ಬಳಿ ಮೀಟರೂ ಇಲ್ಲ, ಗಡಿಯಾರವೂ ಬೇಕಿಲ್ಲ. ವಾಲ್ವ್ ತಿರುಗಿಸಿ ಟೀ ಅಂಗಡಿಗೆ ಹೋಗಿ ಕೂರುತ್ತಾನೆ. ಟ್ಯಾಂಕಿ ತುಂಬಿ ಮೇಲಿನ ಕೊಳವೆಯಿಂದ ನೀರು ಸುರಿಯಲು ಶುರುವಾದರೆ ಯಾರಾದರೂ ಕೂಗುತ್ತಾರೆ, ಅವನು ಬಂದು ಮುಚ್ಚುತ್ತಾನೆ. ಯಾರಿಗೆ ಎಷ್ಟು ನೀರು ಬೇಕು ಎನ್ನುವುದಕ್ಕೆ ಊರಿನಲ್ಲಿ ಇದ್ದ ಅಳತೆ ಅದೊಂದೇ. ಆಗ ನನಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಮೊದಲು ನೀರು ಎಲ್ಲಿ ಹೋಗುತ್ತದೆ ಎಂದು ತಿಳಿಯಬೇಕಿತ್ತು. ಸೀರೆ ಎತ್ತಿ ಕಟ್ಟಿಕೊಂಡು, ಉದ್ದನೆಯ ಕೋಲು ಹಿಡಿದು ದಿನವೂ ಮಾಳಿಗೆ ಹತ್ತಿದೆ. ಊಟಕ್ಕೆ ಮುಂಚೆ ಒಮ್ಮೆ ಟ್ಯಾಂಕಿಗೆ ಕೋಲು ಇಳಿಸಿ ಗುರುತು, ಊಟವಾದ ಮೇಲೆ ಇನ್ನೊಮ್ಮೆ. "ಮೇಡಮ್ಮೋರು ಮೋಟಾರ್ ರಿಪೇರಿ ಕಲೀತಾವ್ರೆ" ಎಂದು ರಸ್ತೆಯಲ್ಲಿ ಹೋಗುವವರು ಆಡಿಕೊಂಡರು. ಕೋಲಿನ ಗುರುತು ಹೇಳಿದ್ದು ಇಷ್ಟೆ: ಟ್ಯಾಂಕಿಯ ಅರ್ಧಕ್ಕಿಂತ ಹೆಚ್ಚು ನೀರು ಊಟದ ತಟ್ಟೆ ತೊಳೆಯುವುದಕ್ಕೇ ಹೋಗುತ್ತಿತ್ತು. ಸಾಲಾಗಿ ಇದ್ದ ನಲ್ಲಿಗಳನ್ನು ಪೂರ್ತಿ ತಿರುಗಿಸಿಟ್ಟು ಮಕ್ಕಳು ಒಬ್ಬರಾದ ಮೇಲೆ ಒಬ್ಬರು ತೊಳೆಯುತ್ತಿದ್ದರು. ನಡುವೆ ಯಾರೂ ನಲ್ಲಿ ನಿಲ್ಲಿಸುತ್ತಿರಲಿಲ್ಲ.

ನಾನು ಬೆಳೆದದ್ದು ಕೆಜಿಎಫ್‌ನ ಗಣಿ ಲೈನಿನ ಮನೆಯಲ್ಲಿ. ಬೀದಿ ನಲ್ಲಿಯ ಮುಂದೆ ಕೊಡದ ಸಾಲಿನಲ್ಲಿ ನಿಂತು ದೊಡ್ಡವಳಾದವಳು. ನೀರು ಸುಮ್ಮನೆ ಹರಿಯುವುದನ್ನು ಕಂಡರೆ ಮೈ ಉರಿಯುತ್ತದೆ. ಮಕ್ಕಳಿಗೆ ಅಜಾಗರೂಕತೆ, ಕಲಿಸಿದರೆ ಸರಿಹೋಗುತ್ತದೆ ಎಂದುಕೊಂಡು ಎರಡು ದೊಡ್ಡ ಪ್ಲಾಸ್ಟಿಕ್ ತೊಟ್ಟಿ ತರಿಸಿದೆ. ಒಂದರಲ್ಲಿ ಮುಳುಗಿಸಿ ಉಜ್ಜುವುದು, ಇನ್ನೊಂದರಲ್ಲಿ ಜಾಲಿಸುವುದು, ಕೊನೆಗೆ ಒಂದು ಲೋಟ ಒಳ್ಳೆಯ ನೀರು. ಮೊದಲ ದಿನವೇ ಟ್ಯಾಂಕಿಯಲ್ಲಿ ನೀರು ಉಳಿಯಿತು. ನನಗೆ ಹಿಡಿಸಲಾರದಷ್ಟು ಖುಷಿ.

ಆ ವಾರವೇ ಅಡುಗೆಯಾಕೆ ಬಂದು ಬಾಗಿಲಲ್ಲಿ ನಿಂತರು. "ಅನ್ನ ಮಿಕ್ತಾ ಐತೆ ಮೇಡಂ. ಊರೊಳಗಿನ್ ಮಕ್ಕ್ಳು ಬುತ್ತಿ ತತ್ತಾವ್ರೆ."

"ಯಾಕಮ್ಮ, ಸಾಂಬಾರ್ ಕೆಟ್ಟಿತ್ತಾ?"

"ನನ್ ಸಾಂಬಾರ್‌ಗೇನಾಗೈತೆ? ಆ ತೊಟ್ಟೀಲಿ ಎಲ್ರ ಎಂಜ್ಲೂ ಒಂದಾಗ್ತದಂತೆ. ಮನೇಲಿ ಬೈದವ್ರೆ."

ಶಾಲಾ ಸಮಿತಿಯ ಅಧ್ಯಕ್ಷರು ಹಿಂದೆಯೇ ಬಂದರು. ಹಸು ಸಾಕಿ ಡೇರಿಗೆ ಹಾಲು ಹಾಕುವ ಸಂಸಾರಸ್ಥರು, ಗಟ್ಟಿಯಾಗಿ ಮಾತಾಡುವವರಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ತಮಗೇನೂ ಇಲ್ಲ, ಜನ ಒಪ್ಪುವುದಿಲ್ಲ ಎಂದರು. "ನಲ್ಲಿ ನೀರಂದ್ರೆ ಅರುದು ಓಯ್ತಾ ಇರ್ತದೆ ಮೇಡಂ. ಯಾರ್ ತಟ್ಟೆದೋ ಏನೋ, ಯಾರ್ಗೂ ಗೊತ್ತಾಗಲ್ಲ. ನಿಂತ್ ನೀರ್ಗೆ ಲೆಕ್ಕ ಐತೆ."

ಆಗ ಅರ್ಥವಾಯಿತು. ಮಕ್ಕಳು ನಲ್ಲಿ ಬಿಟ್ಟಿದ್ದು ಅಜಾಗರೂಕತೆಯಿಂದ ಅಲ್ಲ. ಕಾಲೊನಿಯ ಮಕ್ಕಳೂ ಊರೊಳಗಿನ ಮಕ್ಕಳೂ ಒಂದೇ ಜಗಲಿಯಲ್ಲಿ ಕೂತು ಉಣ್ಣುವುದಕ್ಕೆ ಊರು ಒಪ್ಪಿದ್ದೇ ಆ ನಲ್ಲಿ ನಿಲ್ಲದೆ ಹರಿಯುತ್ತದೆ ಎಂಬ ಸಮಾಧಾನದ ಮೇಲೆ. ಹರಿಯುವ ನೀರು ಯಾರ ಎಂಜಲನ್ನೂ ಇಟ್ಟುಕೊಳ್ಳುವುದಿಲ್ಲ. ಇದಕ್ಕೆ ಟ್ಯಾಂಕಿಯ ಅರ್ಧ ನೀರು ಬೆಲೆ. ಅವರ ಮುಖಕ್ಕೆ ಹೇಳಬೇಕು ಎಂದು ಬಾಯಿಗೆ ಬಂದ ಮಾತುಗಳು ಬಹಳ ಇದ್ದವು. ಆದರೆ ಮಕ್ಕಳು ಬೇರೆ ಬೇರೆ ಕೂತು ಬುತ್ತಿ ಬಿಚ್ಚುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ತೊಟ್ಟಿಗಳನ್ನು ಎತ್ತಿ ಸ್ಟೋರಿಗೆ ಹಾಕಿಸಿದೆ.

ಹರಿಯುವ ನೀರೇ ಬೇಕಲ್ಲ, ಹರಿಯಲಿ, ದಾರದ ಹಾಗೆ ಹರಿಯಲಿ ಎಂದುಕೊಂಡೆ. ತಟ್ಟೆ ತೊಳೆಯುವ ನಲ್ಲಿಗಳನ್ನು ಬಿಚ್ಚಿಸಿ, ಅವುಗಳ ಕೆಳಗಿದ್ದ ಸಿಮೆಂಟಿನ ತೊಟ್ಟಿಯ ಉದ್ದಕ್ಕೂ ಒಂದು ಪಿವಿಸಿ ಪೈಪ್ ಮಲಗಿಸಿದೆವು. ಕಾಯಿಸಿದ ದಬ್ಬಳದಿಂದ ಗೇಣಿಗೊಂದು ತೂತು. ತಿರುಗಿಸುವ ವಾಲ್ವ್ ಅಡುಗೆಯಾಕೆಯ ಕೈಗೆ. ಮೊದಲ ದಿನ ನೀರು ಬರುವ ಕಡೆಯ ತೂತುಗಳಿಂದ ಮುಖಕ್ಕೆ ಚಿಮ್ಮಿತು, ಕೊನೆಯ ತೂತುಗಳಲ್ಲಿ ಹನಿಯೂ ಇಲ್ಲ. ಪೈಪನ್ನು ತುದಿಯಿಂದ ಬಿಡಿಸಿ ನಡುವಿನಿಂದ ನೀರು ಕೊಟ್ಟೆವು, ನಡುವಿನ ತೂತುಗಳನ್ನು ಮುಚ್ಚಿ ಅಲ್ಲಿ ಇನ್ನೂ ಸಣ್ಣ ತೂತು ಕೊರೆದೆವು. ಆಮೇಲೆ ಎಲ್ಲ ಕಡೆ ಒಂದೇ ಸಮನೆ ಸಣ್ಣ ಧಾರೆ ಬಂತು. ಊರಿನವರು ಬಂದು ನೋಡಿದರು. ಹರಿಯುತ್ತಿತ್ತು. ಬುತ್ತಿಗಳು ನಿಂತವು.

ತೊಳೆದ ನೀರನ್ನು ಚರಂಡಿಗೆ ಬಿಡಲು ಮನಸ್ಸಾಗಲಿಲ್ಲ. ಶೌಚಾಲಯ ತಗ್ಗಿನಲ್ಲಿದೆ. ಶೋಧಿಸಿದರೆ ಮೋಟಾರಿಲ್ಲದೆ ನೀರು ತಾನೇ ಅಲ್ಲಿಗೆ ಇಳಿದು ಹೋಗುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬ ಗಾರೆ ಕೆಲಸದವನು, ಒಂದು ಭಾನುವಾರ ಬಂದು ಮೂರು ಕೋಣೆಯ ಗುಂಡಿ ಕಟ್ಟಿಕೊಟ್ಟ. ಮೊದಲನೆಯದರ ಬಾಯಿಗೆ ಅನ್ನದ ಅಗುಳು ತಡೆಯಲು ಹಳೆಯ ಸೊಳ್ಳೆ ಪರದೆ, ಎರಡನೆಯದರಲ್ಲಿ ಜಲ್ಲಿ, ಮೂರನೆಯದರಲ್ಲಿ ಇದ್ದಿಲು ಮತ್ತು ಮರಳು. ಅಲ್ಲಿಂದ ಶೌಚಾಲಯದ ಪಕ್ಕದ ತೊಟ್ಟಿಗೆ.

ಹೇಳುವುದಕ್ಕೆ ಸುಲಭ. ವಾರ ತುಂಬುವ ಮೊದಲೇ ಗುಂಡಿ ಗಬ್ಬು ನಾತ ಹೊಡೆಯಿತು. ಸಾಂಬಾರಿನ ಎಣ್ಣೆ ಮರಳಿನ ಮೇಲೆ ಕೆನೆಗಟ್ಟಿ, ನೀರು ಇಳಿಯದೆ ನಿಂತು ಸೊಳ್ಳೆ ಎದ್ದಿತ್ತು. ಮರಳು ತೆಗೆದು ತೊಳೆದು ಮತ್ತೆ ಹಾಕಿದೆವು, ಮತ್ತೆ ಕಟ್ಟಿತು. ಕೈ ಹಾಕಿ ನೋಡಿದರೆ ಮರಳು ಗಾರೆಯ ಹಾಗೆ ಗಟ್ಟಿ. ಅಡುಗೆಯಾಕೆ ತಟ್ಟೆ ಉಜ್ಜಲು ಒಲೆಯ ಬೂದಿ ಕೊಡುತ್ತಿದ್ದರು, ಅದೆಲ್ಲ ಮರಳಿನ ಸಂದಿಗೆ ಇಳಿದಿತ್ತು. ಬೂದಿ ನಿಲ್ಲಿಸಿ ತೆಂಗಿನ ನಾರು ಕೊಟ್ಟೆವು. ಮೊದಲ ಕೋಣೆಯಿಂದ ಎರಡನೆಯದಕ್ಕೆ ಹೋಗುವ ಪೈಪಿಗೆ ಬಾಗು ಹಾಕಿ, ಅದರ ಬಾಯಿ ನೀರಿನೊಳಗೆ ಮುಳುಗಿರುವಂತೆ ಕೆಳಗೆ ತಿರುಗಿಸಿದೆವು. ಎಣ್ಣೆ ಮೇಲೆಯೇ ತೇಲಿತು, ಅಡಿಯ ನೀರು ಮಾತ್ರ ಮುಂದೆ ಹೋಯಿತು. ತಟ್ಟೆಯಲ್ಲಿ ಉಳಿದದ್ದನ್ನು ಮೊದಲೇ ಬಕೆಟ್ಟಿಗೆ ಬಳಿಯಬೇಕು ಎಂದು ನಿಯಮ ಮಾಡಿದೆ. ಆ ಮುಸುರೆಯನ್ನು ಅಧ್ಯಕ್ಷರ ಮನೆಯವರೇ ದಿನವೂ ಬಂದು ತಮ್ಮ ಹಸುಗಳಿಗೆ ಒಯ್ದರು. ಬಕೆಟ್ಟಿನಲ್ಲಿ ಎಲ್ಲ ಮಕ್ಕಳ ಎಂಜಲೂ ಒಂದಾಗಿತ್ತು. ಹಸು ಕುಡಿಯಿತು, ಹಾಲು ಕೊಟ್ಟಿತು, ಹಾಲು ಡೇರಿಗೆ ಹೋಯಿತು. ಆ ಬಗ್ಗೆ ಯಾರೂ ನನ್ನ ಹತ್ತಿರ ಮಾತಾಡಲು ಬರಲಿಲ್ಲ.

ದೀಪಾವಳಿ ಕಳೆಯುವ ಹೊತ್ತಿಗೆ ಶೌಚಾಲಯದ ಬೀಗ ತೆಗೆದಿದ್ದೆ. ಶಾಲೆ ಬಿಡುವವರೆಗೂ ನೀರು. ಹುಡುಗಿಯರು ಬಾಟಲಿ ಬಿಚ್ಚಿ ಕುಡಿಯುವುದನ್ನು ನೋಡಲೆಂದೇ ಕೆಲಸವಿಲ್ಲದಿದ್ದರೂ ಜಗಲಿಯಲ್ಲಿ ಓಡಾಡಿದೆ ಅಂದರೆ ನಗಬೇಡಿ. ಕಾಲೊನಿಯ ಹುಡುಗಿ ಆ ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಇಲಾಖೆಯ ಮೇಲಿನವರು ಬಂದು ಗುಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಉಳಿದ ನೀರು ಹಿಡಿದಿಡಲು ಇನ್ನೊಂದು ಟ್ಯಾಂಕಿ ಬೇಕು ಎಂದು ಕೇಳಿದೆ. ನೋಡೋಣ ಎಂದರು. ಗೋಡೆಗೆ ಹನಿ ನೀರಿನ ಚಿತ್ರ ಬರೆಸಿಕೊಟ್ಟರು.

ನೀರುಗಂಟಿ ಒಂದು ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಿದ. "ಮೇಡಮ್ಮಾ, ನಿಮ್ ಟ್ಯಾಂಕಿ ಈಗೀಗ ಬೇಗ್ನೆ ಚೆಲ್ಲೋಯ್ತಾ ಐತಲ್ಲ. ಒಂದ್ ಟೀ ಕುಡ್ಯೋಕೂ ಬಿಡಲ್ಲ."

ಹೆಮ್ಮೆಯಿಂದ ಎಲ್ಲ ವಿವರಿಸಿದೆ. ಅವನು ತಲೆ ಆಡಿಸಿಕೊಂಡು ಹೋದ. ಮುಂದಿನ ವಾರದಿಂದ ಶಾಲೆಯ ಸರದಿ ನಾಲ್ಕು ದಿನಕ್ಕೊಮ್ಮೆ ಆಯಿತು. ಪಂಚಾಯಿತಿಯಲ್ಲಿ ಕೇಳಿದರೆ, "ನಿಮಗೆ ಉಳೀತಾ ಇದೆಯಲ್ಲ ಮೇಡಂ, ಕಾಲೊನಿಗೆ ಕೊಟ್ಟಿದ್ದೀವಿ. ಅವರು ವರ್ಷದಿಂದ ಕೇಳ್ತಾ ಇದ್ರು," ಅಂದರು. ಅದಕ್ಕೆ ನಾನು ಏನು ತಕರಾರು ಮಾಡಲಿ? ಸಂತೋಷವೇ ಆಯಿತು. ಹುಡುಗಿ ಹೇಳಿದಳು, "ಈಗ ಬೆಳಗ್ಗೆ ತೋಟದ್ ಬೋರ್‌ಗೆ ಓಗೋದ್ ತಪ್ತು ಮಿಸ್. ನಲ್ಲೀಲೇ ಬತ್ತದೆ." ನಾಲ್ಕು ದಿನಕ್ಕೊಂದು ಟ್ಯಾಂಕಿ ನಮಗೆ ಸರಿಯಾಗಿ ಸಾಕಾಗುತ್ತಿತ್ತು.

ಶಿವರಾತ್ರಿ ಕಳೆಯುತ್ತಲೇ ಬೋರಿನ ನೀರು ಇಳಿಯಿತು. ಎಲ್ಲ ಲೈನಿಗೂ ನೀರು ಬಿಡುವ ಹೊತ್ತು ಅರ್ಧವಾಯಿತು. ದಿನ ಬಿಟ್ಟು ದಿನ ಸರದಿ ಇದ್ದವರು ಗೊಣಗಿಕೊಂಡು ಹೇಗೋ ಸುಧಾರಿಸಿದರು. ನಮಗೆ ಮೊದಲೇ ಅರ್ಧ, ಈಗ ಅರ್ಧದಲ್ಲಿ ಅರ್ಧ. ಮೂರನೇ ದಿನಕ್ಕೆ ಟ್ಯಾಂಕಿ ಒಣಗುತ್ತಿತ್ತು. ತಟ್ಟೆಯನ್ನು ಮಕ್ಕಳು ಮನೆಗೆ ಒಯ್ದು ತೊಳೆದು ತಂದರು, ಹಾಗಾಗಿ ಗುಂಡಿಗೂ ನೀರಿಲ್ಲ. ಉಳಿಸುವುದಕ್ಕೆ ಇನ್ನು ಏನೂ ಉಳಿದಿರಲಿಲ್ಲ. ಪಂಚಾಯಿತಿಗೆ ಓಡಿದೆ. ಅಧಿಕಾರಿ ನಗುತ್ತಾ, "ಉಳಿಸೋ ವಿದ್ಯೆ ಗೊತ್ತಿರೋರು ನೀವು, ನೀವೇ ಹಿಂಗಂದ್ರೆ ಹೆಂಗೆ?" ಅಂದರು. ಅದೇ ರಸ್ತೆಯ ಕಲ್ಯಾಣ ಮಂಟಪದ ನಲ್ಲಿ ಒಡೆದು ವರ್ಷವಾಗಿತ್ತು, ಅದರ ಸರದಿ ಒಂದು ದಿನವೂ ತಪ್ಪಿರಲಿಲ್ಲ. ಅದರ ಟ್ಯಾಂಕಿ ಯಾವಾಗ ನೋಡಿದರೂ ಖಾಲಿ ಇರುತ್ತಿತ್ತಲ್ಲ.

ಶೌಚಾಲಯಕ್ಕೆ ಮತ್ತೆ ಬೀಗ ಹಾಕಿದೆ. ಹುಡುಗಿ ವಾರ್ಷಿಕ ಪರೀಕ್ಷೆಯಲ್ಲಿ ಒಂದು ದಿನ ಬರಲಿಲ್ಲ. ಅವಳ ಮನೆಯ ನಲ್ಲಿಯಲ್ಲಿ ಬರುತ್ತಿದ್ದುದು ಶಾಲೆಯ ನೀರು, ಅದನ್ನು ಕಿತ್ತುಕೊಡಿ ಎಂದು ಯಾವ ಬಾಯಿಂದ ಕೇಳಲಿ?

ಬೇಸಿಗೆ ರಜೆಯ ಕೊನೆಯಲ್ಲಿ ನೀರುಗಂಟಿ ಹೇಳಿದ, "ಜೂನ್‌ನಾಗೆ ಸರದಿ ಒಸ್ದಾಗ್ ಆಕ್ತಾರೆ. ನಾನ್ ಬಂದ್ ನೋಡ್ದಾಗ್ಲೆಲ್ಲ ನಿಮ್ ಟ್ಯಾಂಕಿ ತಳ ಕಾಣ್ತಿರ್ಬೇಕು ಮೇಡಮ್ಮಾ. ತುಂಬಿರೋ ಟ್ಯಾಂಕಿಗೆ ನೀರ್ ಬಿಟ್ರೆ ನನ್ನ ಬೈತಾರೆ."

ಜೂನ್‌ನಲ್ಲಿ ಮಳೆ ಬಂತು, ಬೋರು ಚೇತರಿಸಿತು. ನಾವು ಉಳಿಸಿ ಬಳಸಿದರೆ ಅವನು ದಿನ ಬಿಟ್ಟು ದಿನ ನೋಡಲು ಬಂದಾಗ ಟ್ಯಾಂಕಿಯಲ್ಲಿ ಅರ್ಧ ನೀರು ಇದ್ದೇ ಇರುತ್ತದೆ. ಇದ್ದರೆ ನಾಲ್ಕು ದಿನದ ಸರದಿಯೇ ಗಟ್ಟಿಯಾಗುತ್ತದೆ, ಬರುವ ಫೆಬ್ರವರಿಯಲ್ಲಿ ಮತ್ತೆ ಬೀಗ. ಬೇಸಿಗೆಗೆ ನೀರು ಬೇಕಿದ್ದರೆ ಮಳೆಗಾಲದಲ್ಲಿ ಚೆಲ್ಲಬೇಕು. ಹತ್ತನೇ ತರಗತಿಯ ಪರೀಕ್ಷೆ ಬರುವುದೂ ಬೇಸಿಗೆಯಲ್ಲೇ. ಎರಡು ಸಂಜೆ ನಲ್ಲಿಯವರೆಗೆ ಹೋಗಿ ವಾಪಸ್ ಬಂದೆ. ಮೂರನೇ ಸಂಜೆ ಮಕ್ಕಳು ಹೋದ ಮೇಲೆ ಅಂಗಳದ ಕುಡಿಯುವ ನೀರಿನ ನಲ್ಲಿಯನ್ನು ನಾನೇ ತಿರುಗಿಸಿದೆ. ನೀರು ಮೈದಾನಕ್ಕೆ ಹರಿಯಿತು.

ಮರೆತ ಜಾಮಿಟ್ರಿ ಬಾಕ್ಸಿಗಾಗಿ ಆ ಹುಡುಗಿ ವಾಪಸ್ ಬಂದಳು. ನಲ್ಲಿ ನೋಡಿದವಳೇ ಓಡಿಹೋಗಿ ನಿಲ್ಲಿಸಿದಳು. ನಾನೇ ಕಲಿಸಿದ ಅಭ್ಯಾಸ.

"ಬಿಡು, ಹರೀಲಿ," ಅಂದೆ.

ಯಾಕೆಂದು ಅವಳಿಗೆ ಸುಳ್ಳು ಹೇಳಲಾಗಲಿಲ್ಲ, ಎಲ್ಲ ಹೇಳಿದೆ. ಸರದಿ ನಮಗೆ ಮರಳಿದರೆ ಅವರ ಲೈನಿಗೆ ತಪ್ಪಿಹೋಗುತ್ತದೆ ಎನ್ನುವುದನ್ನೂ ಹೇಳಿದೆ.

"ಎಂಗೂ ಚೆಲ್ಲೋದೇ ಅಲ್ವಾ ಮಿಸ್? ನಮ್ಮಮ್ಮಂಗೆ ಯೋಳ್ಲಾ? ಬಿಂದಿಗೆ ತಕೊಂಡ್ ಬತ್ತಾಳೆ."

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಮರುದಿನದಿಂದ ಸಂಜೆ ಕಾಲೊನಿಯ ಹೆಂಗಸರು ಬಂದು ಹಿಡಿದರು. ಟ್ಯಾಂಕಿ ಖಾಲಿ, ಒಂದು ಹನಿಯೂ ಪೋಲಿಲ್ಲ. ಶಾಲೆಗೆ ದಿನ ಬಿಟ್ಟು ದಿನದ ಸರದಿ ಮರಳಿತು, ಕಾಲೊನಿಯ ನಲ್ಲಿ ನಿಂತರೂ ಬಿಂದಿಗೆ ತುಂಬುತ್ತಿತ್ತು. ಒಂದು ವಾರ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಅಧ್ಯಕ್ಷರು ಬಂದರು. ಮತ್ತೆ ಅದೇ ಕುರ್ಚಿಯ ತುದಿ. "ನನಗೇನಿಲ್ಲ ಮೇಡಂ. ಅದೇ ನಲ್ಲೀಲಿ ನಮ್ ಮಕ್ಕ್ಳು ಕುಡೀತಾರೆ. ಆ ಬಿಂದಿಗೆಗ್ಳು ತಾಕ್ತವೆ ಅಂತ ಜನ ಮಾತಾಡ್ತಾವ್ರೆ. ಮಕ್ಕ್ಳನ್ನ ಬ್ಯಾರೆ ಸ್ಕೂಲ್‌ಗೆ ಆಕ್ತೀವಿ ಅಂತಾವ್ರೆ."

"ಹಾಗಾದರೆ ನೀರು ಚೆಲ್ಲಲಾ?" ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಚೆಲ್ಲೋದ್ ನಿಮ್ಮಿಷ್ಟ. ಅದ್ಕೆ ಯಾರೂ ಏನೂ ಅನ್ನಲ್ಲ."

ಅತ್ತ ದರಿ ಇತ್ತ ಪುಲಿ. ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಮುಚ್ಚಲು ಕಾಯುತ್ತಿರುವವರು ಇದ್ದಾರೆ. ಆಗ ನನಗೊಂದು ಉಪಾಯ ಹೊಳೆಯಿತು, ಬುದ್ಧಿವಂತಿಕೆ ಎಂದೇ ತಿಳಿದೆ. ಟ್ಯಾಂಕಿಯಿಂದ ಬೇರೆ ಪೈಪ್ ಎಳೆದು ಹಿಂದಿನ ಗೋಡೆಯಲ್ಲಿ ತೂತು ಕೊರೆಸಿ, ಕಾಲೊನಿಯ ಕಡೆಯ ಮೋರಿಯ ಮೇಲೆ ಬಾಯಿ ಬಿಟ್ಟೆ. ನಲ್ಲಿಯಿಲ್ಲ, ಯಾರೂ ಏನೂ ಮುಟ್ಟಬೇಕಿಲ್ಲ. ಹೇಳಿಕೊಳ್ಳಲು ಅದು ಶಾಲೆಯ ಚೆಲ್ಲುವ ನೀರು. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ? ಅಧ್ಯಕ್ಷರು ನೋಡಿ, ಪರವಾಗಿಲ್ಲ ಎಂದರು. ನೀರು ಬಿಟ್ಟು, ಗೋಡೆ ಸುತ್ತಿಕೊಂಡು ಹೋಗಿ ಹೆಂಗಸರನ್ನು ಕರೆದೆ.

ಹುಡುಗಿಯ ತಾಯಿ ಮುಂದೆ ಬಂದರು. ಪೈಪಿನ ಬಾಯಿ ನೋಡಿದರು, ಕೆಳಗಿನ ಮೋರಿ ನೋಡಿದರು.

"ಒಳ್ಳೆ ನೀರಮ್ಮ, ಅದೇ ಟ್ಯಾಂಕಿಯದು," ಅಂದೆ.

"ಗೊತ್ತೈತೆ ಮೇಡಂ. ನಲ್ಲೀಲಿ ಕೊಟ್ರೆ ಇಡ್ಕೊಂತಿದ್ವಿ. ಮೋರೀಗ್ ಬಿಟ್ಟಿದ್ ಬ್ಯಾಡ." ಕೋಪವಿರಲಿಲ್ಲ. ಹಾಗೆ ಹೇಳಿ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ತೋಟದ ಬೋರಿನ ದಾರಿ ಹಿಡಿದರು. ಉಳಿದವರೂ ಹಿಂದೆ ಹೋದರು. ನಾನು ಮೋರಿಯ ಪಕ್ಕದಲ್ಲಿ ನಿಂತಿದ್ದೆ, ನೀರು ಹರಿಯುತ್ತಲೇ ಇತ್ತು. ಅಷ್ಟು ಅವಮಾನ ನನಗೆ ಯಾವ ಅಧಿಕಾರಿಯ ಮುಂದೆಯೂ ಆಗಿರಲಿಲ್ಲ.

ಪೈಪನ್ನು ಬಿಚ್ಚಿಸಲಿಲ್ಲ. ಸರದಿ ಉಳಿಯಬೇಕಲ್ಲ. ನೀರುಗಂಟಿ ಬರುವ ಹಿಂದಿನ ಸಂಜೆ ವಾಲ್ವ್ ತಿರುಗಿಸಿ ಬಸ್ಸಿಗೆ ಹೋಗುತ್ತೇನೆ. ಮಕ್ಕಳು ದಾರದಂಥ ಧಾರೆಯಲ್ಲಿ ತಟ್ಟೆ ತೊಳೆದು ಉಳಿಸಿದ್ದಷ್ಟೂ ಮೋರಿಗೆ ಹೋಗುತ್ತದೆ. ಶೌಚಾಲಯ ಸಂಜೆಯವರೆಗೂ ತೆರೆದಿರುತ್ತದೆ, ಹುಡುಗಿಯರು ಹೋಗಿ ಬರುತ್ತಾರೆ.

ಆ ಹುಡುಗಿಯೂ ತಿಂಗಳ ಎಲ್ಲ ದಿನ ಬರುತ್ತಾಳೆ. ಬೆಳಿಗ್ಗೆ ತಾಯಿ ಕೂಲಿಗೆ ಹೋಗುವುದರಿಂದ ತೋಟದ ಬೋರಿನ ಸಾಲಿನಲ್ಲಿ ನಿಲ್ಲುವುದು ಅವಳ ಪಾಲಿಗೆ. ಎರಡನೇ ಪೀರಿಯಡ್ ಶುರುವಾದ ಮೇಲೆ ಓಡಿ ಬರುತ್ತಾಳೆ, ಸೊಂಟದ ಕಡೆ ಯೂನಿಫಾರ್ಮ್ ಒದ್ದೆಯಾಗಿರುತ್ತದೆ. ಮೊದಲನೇ ಪೀರಿಯಡ್ ವಿಜ್ಞಾನ.